ಬೊಂಬಾಯಿ ಗೊತ್ತಿದ್ದವರು ಮುಂಬೈಗೆ ಮರಳುವಾಗ

ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದವರು, ಚಾಳಿನ (ಸಾಲುಖೋಲಿಗಳ ಹಳೆಯ ವಠಾರದ) ಖೋಲಿಯಲ್ಲಿ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನೆಲೆಸಿದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಐದಾರು ವರ್ಷ ಅಲ್ಲಿದ್ದು ಬಂದವರು ಕನ್ನಡನಾಡಿನಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಮನೆಗೊಬ್ಬರಂತೆ ಸಿಗುತ್ತಾರೆ. ಇವರು ನಾಲ್ಕು ದಿನದ ಮಟ್ಟಿಗೆ ಪ್ರವಾಸಿಗರಾಗಿ ಮುಂಬೈಗೆ ಹೊರಟರೆ ಹೊಸಬರಿಗಿಂತ ಹೆಚ್ಚು ದಾರಿ ತಪ್ಪುತ್ತಾರೆ. ಹೊಸಬರು ಹೆಜ್ಜೆಗೊಮ್ಮೆ ಕೇಳುತ್ತಾರೆ, ಫೋನ್ ನೋಡುತ್ತಾರೆ. ಹಳಬರು ಕೇಳುವುದಿಲ್ಲ, ತಲೆಯೊಳಗಿನ ನಕಾಶೆ ನಂಬಿ ನಡೆದುಬಿಡುತ್ತಾರೆ. ಆ ನಕಾಶೆ 2005ರದ್ದೋ 2012ರದ್ದೋ ಆಗಿರುತ್ತದೆ.

ಹಾಗಂತ ಹಳೆಯ ತಿಳಿವಳಿಕೆ ದಂಡವಲ್ಲ. ಲೋಕಲ್ ರೈಲಿನ ಲಯ, ಹಳಿಯ ಯಾವ ಬದಿ ಎಂದು ಹೇಳುವ ಈಸ್ಟ್–ವೆಸ್ಟ್ ಎಂಬ ಲೆಕ್ಕ, ಯಾವ ಹೊತ್ತಿಗೆ ಜನ ಎತ್ತ ಹರಿಯುತ್ತಾರೆ ಎಂಬ ಅಂದಾಜು ಇವತ್ತಿಗೂ ಹಾಗೇ ಇವೆ. ಯಾವುದು ಉಳಿದಿದೆ, ಯಾವುದು ಬದಲಾಗಿದೆ ಎಂದು ಹೊರಡುವ ಮುಂಚೆಯೇ ಬೇರ್ಪಡಿಸಿಕೊಂಡರೆ ನಾಲ್ಕು ದಿನ ಸಾರ್ಥಕವಾಗುತ್ತದೆ. ಇಲ್ಲಿ ಕೊಟ್ಟಿರುವ ದರಗಳು 2025ರವು.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದ ಮುಂಬೈಯನ್ನೇ ಪ್ರೀತಿಸಿದವರು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗಬಹುದು, ಆದರೆ ಪ್ರತಿದಿನ ಎರಡು ವಿಷಯ ನೋಡಿಕೊಳ್ಳಬೇಕು: ಮಳೆಯ ಮುನ್ಸೂಚನೆ ಮತ್ತು ಸಮುದ್ರದ ಭರತದ (ಉಬ್ಬರದ) ಹೊತ್ತು. ಊರಿನ ಚರಂಡಿಗಳೆಲ್ಲ ಕೊನೆಗೆ ಸಮುದ್ರಕ್ಕೇ ತೆರೆದುಕೊಳ್ಳುತ್ತವೆ. ಭರತ ಏರಿದಾಗ ಚರಂಡಿಯ ಬಾಯಿ ಸಮುದ್ರಮಟ್ಟಕ್ಕಿಂತ ಕೆಳಗಾಗಿ ಮಳೆನೀರು ಹೊರಹೋಗಲಾರದೆ ನಿಂತುಬಿಡುತ್ತದೆ. ಬರೀ ಮಳೆಗೆ ಊರು ಅಷ್ಟಾಗಿ ನಿಲ್ಲುವುದಿಲ್ಲ. ಮಳೆ ಮತ್ತು ಭರತ ಕೂಡಿ ಬಂದರೆ ಹಿಂದ್‌ಮಾತಾ, ಸಯನ್, ಕುರ್ಲಾ, ಅಂಧೇರಿ ಸಬ್‌ವೇ ಮುಳುಗುತ್ತವೆ. ಭರತ 4.5 ಮೀಟರ್ ದಾಟುವ ದಿನ ಜೋರು ಮಳೆಯ ಎಚ್ಚರಿಕೆಯೂ ಇದ್ದರೆ ತಂಗಿದ ಬಡಾವಣೆ ಬಿಟ್ಟು ದೂರ ಹೋಗಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಂಕಣ ರೈಲ್ವೆಗೂ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ ಇದೆ. ರೈಲುಗಳು ನಿಧಾನವಾಗಿ ಓಡುತ್ತವೆ, ಹೊರಡುವ ಹೊತ್ತೂ ಬದಲಾಗುತ್ತದೆ.

ಗಣೇಶೋತ್ಸವಕ್ಕೆ ಹೋಗುವುದಾದರೆ ಅದಕ್ಕೆಂದೇ ಹೋಗಿ. ಮುಂಬೈಯ ಲಾಲ್‌ಬಾಗ್‌ನ ಗಣಪತಿ ನೋಡುವುದು, ಹಳೆಯ ಗೆಳೆಯರ ಮನೆಗೂ ಒಂದು ಸುತ್ತು ಹಾಕುವುದು ಎಂದುಕೊಂಡರೆ ಎರಡೂ ಕೈಗೂಡುವುದಿಲ್ಲ.

ಎಲ್ಲಿ ಇಳಿಯುವುದು

ಟಿಕೆಟ್ ತೆಗೆಯುವಾಗ ‘ಮುಂಬೈ’ ಎಂದಷ್ಟೇ ನೋಡಬೇಡಿ. ಮಂಗಳೂರಿನ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ದಾದರ್ ಮೇಲೆ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ಅಂದರೆ ನಮ್ಮ ಹಳೆಯ ವಿ.ಟಿ.ಗೆ ಹೋಗುತ್ತದೆ. ನಿಲ್ದಾಣಗಳಲ್ಲಿ ಕಾಮಗಾರಿ ನಡೆದಾಗ ಕೆಲವು ರೈಲುಗಳನ್ನು ಠಾಣೆಯಲ್ಲೋ ದಾದರ್‌ನಲ್ಲೋ ಕೊನೆಗೊಳಿಸುವುದುಂಟು. ಹೊರಡುವ ಹಿಂದಿನ ದಿನ ಕೊನೆಯ ನಿಲ್ದಾಣ ಯಾವುದೆಂದು ಇನ್ನೊಮ್ಮೆ ನೋಡಿಕೊಳ್ಳಿ.

ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದವರು ಮಾಡುವ ತಪ್ಪು ಒಂದೇ: ಎದುರಿಗೆ ಕಂಡ ಆಟೋ ಹತ್ತಿ ‘ದಾದರ್’ ಎನ್ನುವುದು. ಆಟೋಗಳಿಗೆ ಪೂರ್ವದಲ್ಲಿ ಸಯನ್, ಪಶ್ಚಿಮದಲ್ಲಿ ಬಾಂದ್ರಾದಿಂದ ದಕ್ಷಿಣಕ್ಕೆ ಪ್ರವೇಶವಿಲ್ಲ. ಈ ನಿಯಮ ಹಳೆಯದು, ಇವತ್ತಿಗೂ ಬದಲಾಗಿಲ್ಲ. ಸಾಮಾನು ಕಡಿಮೆ ಇದ್ದರೆ ಆಟೋದಲ್ಲಿ ಕುರ್ಲಾ ಲೋಕಲ್ ನಿಲ್ದಾಣಕ್ಕೆ ಹೋಗಿ ಸೆಂಟ್ರಲ್ ಲೈನಿನ ಸ್ಲೋ (ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿ) ಹಿಡಿಯಿರಿ. ಸಯನ್ ಆದ ಮೇಲೆ ಮಾಟುಂಗ, ಅದಾದ ಮೇಲೆ ದಾದರ್. ಹಾರ್ಬರ್ ಲೈನ್ ಬೇಕಾದವರಿಗೆ ತಿಲಕ್‌ನಗರ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಸಾಮಾನು ಹೆಚ್ಚಿದ್ದರೆ ಪ್ರೀಪೇಯ್ಡ್ ಟ್ಯಾಕ್ಸಿ.

ವಿಮಾನದಲ್ಲಿ ಬರುವವರು ಟಿಕೆಟಿನ ಮೇಲಿನ ಮೂರಕ್ಷರ ಓದಿ. ಬಿಒಎಂ ಇದ್ದರೆ ಹಳೆಯ ವಿಮಾನ ನಿಲ್ದಾಣ. ಅದರ ಟಿ1, ಟಿ2 ಎರಡಕ್ಕೂ ಈಗ ಮೆಟ್ರೊ ಇದೆ. ಎನ್‌ಎಂಐ ಇದ್ದರೆ 2025ರ ಡಿಸೆಂಬರ್‌ನಲ್ಲಿ ವಿಮಾನ ಸಂಚಾರ ಶುರುವಾದ ನವಿ ಮುಂಬೈ ನಿಲ್ದಾಣ. ಅದಿರುವುದು ಖಾಡಿಯ (ಕಡಲ ಹಿನ್ನೀರಿನ) ಆಚೆ, ಪನ್ವೇಲ್ ಕಡೆ. ಅಲ್ಲಿಂದ ಅಂಧೇರಿಗೆ ಹೋಗುವ ಹೊತ್ತು ಮೊದಲೇ ಲೆಕ್ಕದಲ್ಲಿರಲಿ.

ತಂಗಲು ದಾದರ್–ಮಾಟುಂಗ ಸುತ್ತಮುತ್ತ ಸಿಕ್ಕರೆ ಬೇರೆಡೆ ನೋಡಬೇಡಿ. ಸೆಂಟ್ರಲ್ ಮತ್ತು ವೆಸ್ಟರ್ನ್ ಲೈನುಗಳು ಕೂಡುವುದು ದಾದರ್‌ನಲ್ಲಿ. ಎರಡು ಕಡೆಯ ಹಳೆಯ ನಂಟರನ್ನು ನೋಡುವವರಿಗೆ ಇದರಿಂದ ದಿನಕ್ಕೆ ಒಂದೆರಡು ಗಂಟೆ ಉಳಿಯುತ್ತದೆ. ಕೋಟೆ ಭಾಗದ ಕಟ್ಟಡ, ಮ್ಯೂಸಿಯಂ ನೋಡುವುದೇ ಮುಖ್ಯವಾದರೆ ಫೋರ್ಟ್ ಅಥವಾ ಕೊಲಾಬಾ.

ಮೊದಲ ದಿನ ಹೊಸದಕ್ಕೆ

ಇದೊಂದು ಸಲಹೆಯನ್ನು ದಯವಿಟ್ಟು ಪಾಲಿಸಿ. ಇಳಿದ ದಿನವೇ ಹಳೆಯ ಬೀದಿಗೆ ಓಡಬೇಡಿ. ಮೊದಲು ಮುಂಬೈಯಲ್ಲಿ ಹೊಸದಾಗಿ ಬಂದದ್ದನ್ನು ಒಂದು ಸುತ್ತು ನೋಡಿದರೆ ತಲೆಯ ನಕಾಶೆ ತಿದ್ದಿಕೊಳ್ಳುತ್ತದೆ, ಮರುದಿನದ ಓಡಾಟ ಹಗುರವಾಗುತ್ತದೆ.

ಇದಕ್ಕೆ ತಕ್ಕ ಸಾಧನ ಮೆಟ್ರೊ-3. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ನಿಲ್ದಾಣ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಟಿಕೆಟ್ 10 ರೂಪಾಯಿಯಿಂದ 70 ರೂಪಾಯಿ. ರೈಲೇ ಕಾಣದಿದ್ದ ಕಾಳಬಾದೇವಿ, ವರಳಿ, ಸಿದ್ಧಿವಿನಾಯಕದಂಥ ಜಾಗಗಳಿಗೆ ಈಗ ನಿಲ್ದಾಣವಿದೆ. ಸಿದ್ಧಿವಿನಾಯಕಕ್ಕೆ ದಾದರ್‌ನಲ್ಲಿ ಇಳಿದು ಶೇರ್ ಟ್ಯಾಕ್ಸಿಗೆ ಸಾಲು ನಿಲ್ಲುತ್ತಿದ್ದ ಕಾಲ ಮುಗಿಯಿತು. ಘಾಟ್ಕೋಪರ್–ಅಂಧೇರಿ–ವರ್ಸೋವಾ ನಡುವಿನ 2014ರ ಮೆಟ್ರೊ-1 ಇದಕ್ಕೆ ಮರೋಳ್ ನಾಕಾದಲ್ಲಿ ಕೂಡುತ್ತದೆ. ಎರಡು ಎಚ್ಚರಿಕೆ: ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ಟಿಕೆಟ್ ಮೇಲಿರುವಾಗಲೇ ತೆಗೆದುಕೊಳ್ಳಿ. ಇನ್ನು ‘ದಾದರ್’ ಮೆಟ್ರೊ ಎಂದರೆ ದಾದರ್ ರೈಲು ನಿಲ್ದಾಣಕ್ಕೆ ತಾಗಿದ್ದಲ್ಲ. ಪಶ್ಚಿಮ ಭಾಗದಲ್ಲಿ ಒಂದಷ್ಟು ನಡೆಯಬೇಕು.

ಮೆಟ್ರೊದಲ್ಲಿ ದೂರ ಸಾಗುತ್ತದೆ, ಆದರೆ ಊರು ಕಾಣುವುದಿಲ್ಲ. ಆದ್ದರಿಂದ ಹೋಗುವಾಗ ಮೆಟ್ರೊ, ಬರುವಾಗ ಟ್ಯಾಕ್ಸಿ ಇಟ್ಟುಕೊಳ್ಳಿ. ಇಲ್ಲೂ ಒಂದು ಮಾತು. 2024ರಿಂದ ತೆರೆದ ಕೋಸ್ಟಲ್ ರೋಡ್ ಮರೀನ್ ಡ್ರೈವ್‌ನಿಂದ ಸುರಂಗ ಹೊಕ್ಕು ಸಮುದ್ರದಂಚಿನಲ್ಲೇ ವರಳಿ, ಬಾಂದ್ರಾ ಕಡೆ ಒಯ್ಯುತ್ತದೆ. ಚಾಲಕರು ತಾವಾಗಿಯೇ ಅದನ್ನು ಹಿಡಿಯುತ್ತಾರೆ. ಪೆಡ್ಡರ್ ರೋಡಿನ ಏರು, ಹಾಜಿ ಅಲಿಯ ತಿರುವು, ವರಳಿ ನಾಕಾ, ಶಿವಾಜಿ ಪಾರ್ಕ್, ಮಾಹಿಮ್ ನೋಡುವ ಆಸೆ ಇದ್ದರೆ ಹತ್ತುವಾಗಲೇ ‘ಪೆಡ್ಡರ್ ರೋಡ್ ಸೆ’ ಎಂದು ಹೇಳಿಬಿಡಿ. ಟ್ಯಾಕ್ಸಿಯ ಕನಿಷ್ಠ ದರ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಆಟೋಗೆ 26. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲು ಪಾಲು ಹೆಚ್ಚು. ಹಳೆಯ ಪದ್ಮಿನಿ ಟ್ಯಾಕ್ಸಿ ಹುಡುಕಬೇಡಿ, 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆ ಬಿಟ್ಟವು. ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳೂ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಂತವು. ಈಗಿನವು ಬ್ಯಾಟರಿಯ ಏಸಿ ಡಬಲ್ ಡೆಕ್ಕರ್. ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡಲಾಗುವುದಿಲ್ಲ, ಮೇಲಿನ ಮುಂದಿನ ಸೀಟಿನ ನೋಟ ಮಾತ್ರ ಹಾಗೇ ಇದೆ.

ಲೋಕಲ್: ಕೈಬಿಟ್ಟ ಅಭ್ಯಾಸವನ್ನು ಮತ್ತೆ ಹಿಡಿಯುವುದು

ಈಜು ಮರೆಯುವುದಿಲ್ಲ ಎನ್ನುತ್ತಾರೆ, ನಿಜ. ಆದರೆ ಇಪ್ಪತ್ತು ವರ್ಷ ನೀರಿಗಿಳಿಯದ ಮೈ ಬೇಗ ದಣಿಯುತ್ತದೆ. ಲೋಕಲ್ ಕೂಡ ಹಾಗೆಯೇ. ಮೊದಲ ಸವಾರಿಯನ್ನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರೊಳಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟರಿಂದ ಹನ್ನೊಂದು ಜನ ದಕ್ಷಿಣಕ್ಕೆ ಹರಿಯುತ್ತಾರೆ, ಸಂಜೆ ಐದೂವರೆಯಿಂದ ಒಂಬತ್ತು ಉತ್ತರಕ್ಕೆ. ಆ ಹೊತ್ತಿನಲ್ಲಿ ಹೋಗಲೇಬೇಕಾದರೆ ಎದುರು ದಿಕ್ಕಿನ ಕೆಲಸ ಇಟ್ಟುಕೊಳ್ಳಿ.

ಟಿಕೆಟ್: ಸೆಕೆಂಡ್ ಕ್ಲಾಸಿಗೆ ಕನಿಷ್ಠ 5 ರೂಪಾಯಿ. ರೈಲ್ವೆ ಆ್ಯಪ್‌ನಲ್ಲಿ ಕಾಗದರಹಿತ ಟಿಕೆಟ್ ತೆಗೆಯುವುದಾದರೆ ನಿಲ್ದಾಣದ ಹೊರಗಿರುವಾಗಲೇ ತೆಗೆಯಬೇಕು. ಪ್ಲ್ಯಾಟ್‌ಫಾರ್ಮಿಗೆ ಇಳಿದ ಮೇಲೆ ಪ್ರಯತ್ನಿಸಿದರೆ ನೀವು ಎಲ್ಲಿದ್ದೀರಿ ಎಂದು ಫೋನ್ ಹೇಳಿಬಿಡುತ್ತದೆ, ಟಿಕೆಟ್ ಆಗುವುದಿಲ್ಲ. ಹಲವು ಸವಾರಿ ಇದ್ದರೆ ಒಂದು, ಮೂರು, ಐದು ದಿನದ ಟೂರಿಸ್ಟ್ ಪಾಸ್ ಕೌಂಟರಿನಲ್ಲಿ ಕೇಳಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಅವಸರದಲ್ಲಿ ಫಸ್ಟ್ ಕ್ಲಾಸ್ ಡಬ್ಬಿಗೆ ನುಗ್ಗಿ ದಂಡ ತೆತ್ತವರಲ್ಲಿ ಹಳಬರೇ ಹೆಚ್ಚು. ಡಬ್ಬಿಯ ಮೈಮೇಲಿನ ಕೆಂಪು–ಹಳದಿ ಓರೆ ಪಟ್ಟೆ ನೋಡಿದರೆ ಸಾಕು. ಬಾಗಿಲು ತಾನೇ ಮುಚ್ಚುವ ಏಸಿ ಲೋಕಲ್ 2017ರ ಡಿಸೆಂಬರ್‌ನಿಂದ ಓಡುತ್ತಿದೆ. ಅದಕ್ಕೆ ಟಿಕೆಟ್ ಬೇರೆ, ಸಾದಾ ಟಿಕೆಟಿನಲ್ಲಿ ಹತ್ತುವಂತಿಲ್ಲ.

ದಾದರ್‌ನಲ್ಲಿ ಹಳಬರು ಖಂಡಿತ ತಬ್ಬಿಬ್ಬಾಗುತ್ತಾರೆ. ಮೊದಲು ವೆಸ್ಟರ್ನ್‌ಗೂ ಒಂದನೇ ನಂಬರ್ ಇತ್ತು, ಸೆಂಟ್ರಲ್‌ಗೂ ಒಂದನೇ ನಂಬರ್ ಇತ್ತು. 2023ರ ಡಿಸೆಂಬರ್‌ನಲ್ಲಿ ಎಲ್ಲಕ್ಕೂ ಒಂದೇ ಸರಣಿಯ ನಂಬರ್ ಕೊಟ್ಟರು. 1ರಿಂದ 7 ವೆಸ್ಟರ್ನ್, 8ರಿಂದ 14 ಸೆಂಟ್ರಲ್. ನಿಮ್ಮ ನೆನಪಿನ ಸೆಂಟ್ರಲ್ ಒಂದನೇ ನಂಬರ್ ಈಗ ಎಂಟು. ಹಾಗೆಯೇ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ 2018ರಿಂದ ಪ್ರಭಾದೇವಿ. ಜನ ಇನ್ನೂ ಹಳೆಯ ಹೆಸರೇ ಹೇಳುತ್ತಾರೆ, ಬೋರ್ಡಿನಲ್ಲಿ ಮಾತ್ರ ಅದು ಸಿಗುವುದಿಲ್ಲ.

ಹತ್ತುವುದು ಇಳಿಯುವುದು ಹೀಗೆ:

1. ಸೂಚನಾಫಲಕದಲ್ಲಿ ಕೊನೆಯ ನಿಲ್ದಾಣ, ಫಾಸ್ಟ್ ಅಥವಾ ಸ್ಲೋ, 12 ಡಬ್ಬಿಯೋ 15 ಡಬ್ಬಿಯೋ ಮೂರನ್ನೂ ಓದಿ. 12 ಡಬ್ಬಿಯ ಗಾಡಿಗೆ 15ರ ತುದಿಯಲ್ಲಿ ನಿಂತರೆ ಓಡಬೇಕಾಗುತ್ತದೆ.
2. ಬ್ಯಾಗ್ ಎದೆಯ ಮುಂದೆ, ಫೋನ್ ಅದರೊಳಗೆ. ಫೋನ್ ಹೋಗುವುದು ಹೆಚ್ಚಾಗಿ ಬಾಗಿಲಲ್ಲಿ ಹತ್ತುವ ನೂಕಿನಲ್ಲಿ.
3. ಹತ್ತಿದ ಕೂಡಲೇ ಬಾಗಿಲಲ್ಲಿ ನಿಲ್ಲದೆ ಒಳಗೆ ಸರಿಯಿರಿ. ಇಳಿಯುವ ನಿಲ್ದಾಣ ಯಾವ ಬದಿಗೆ ಬರುತ್ತದೆ ಎಂದು ಪಕ್ಕದವರನ್ನು ಕೇಳಿಕೊಳ್ಳಿ.
4. ಎರಡು ನಿಲ್ದಾಣ ಮುಂಚೆಯೇ ಬಾಗಿಲ ಕಡೆ ಹೊರಳಿ, ಮುಂದಿನವರಿಗೆ ‘ದಾದರ್ ಉತರ್ನಾ ಹೈ ಕ್ಯಾ?’ ಎನ್ನಿ. ಅವರು ಹೌದೆಂದರೆ ಅವರ ಬೆನ್ನಿಗೇ ನಿಲ್ಲಿ, ಇಲ್ಲವೆಂದರೆ ಜಾಗ ಅದಲುಬದಲು. ಈ ಒಂದು ಪ್ರಶ್ನೆಯ ಮೇಲೆಯೇ ಇಡೀ ವ್ಯವಸ್ಥೆ ನಡೆಯುತ್ತದೆ.
5. ಸಂಜೆ ವಿರಾರ್ ಫಾಸ್ಟ್‌ನಲ್ಲಿ ಅಂಧೇರಿಗೋ ಬೊರಿವಲಿಗೋ ಹೋಗಲು ಹತ್ತಬೇಡಿ. ನಡುವೆ ಇಳಿಯಲು ಜನ ದಾರಿ ಬಿಡುವುದಿಲ್ಲ. ಬೊರಿವಲಿ ಗಾಡಿಗೆ ಕಾಯಿರಿ.

ಭಾನುವಾರ ಮೆಗಾ ಬ್ಲಾಕ್. ಹಳಿ ದುರಸ್ತಿಗಾಗಿ ಸೆಂಟ್ರಲ್ ಮತ್ತು ಹಾರ್ಬರ್ ಲೈನುಗಳಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸಿನಿಂದ ಸಂಜೆ ನಾಲ್ಕರವರೆಗೆ ಕೆಲವು ಭಾಗ ಬಂದ್ ಇರುತ್ತದೆ, ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ. ಯಾವ ಭಾಗ ಎಂಬುದು ಶನಿವಾರವೇ ತಿಳಿಯುತ್ತದೆ. ಭಾನುವಾರ ನಂಟರಿಷ್ಟರನ್ನು ಕಾಣುವ ಯೋಜನೆ ಹೆಚ್ಚಾಗಿ ಕೆಡುವುದು ಇದರಿಂದಲೇ.

ಹಳೆಯ ಮನೆ, ಹಳೆಯ ಬೀದಿ

ಮರಳಿ ಹೋಗುವವರ ನಿಜವಾದ ಗುರಿ ಇದು. ಬೇರೆ ಏನು ಹೇಳಿದರೂ ಮನಸ್ಸು ಎಳೆಯುವುದು ಆ ಮೆಟ್ಟಿಲ ಕಡೆಗೇ. ತಯಾರಿಲ್ಲದೆ ಹೋದರೆ ಅಲ್ಲಿ ಮೂವತ್ತು ಮಹಡಿಯ ಗೋಪುರವೋ ತಗಡಿನ ಬೇಲಿಯೋ ಎದುರಾಗಿ, ಬಂದ ದಾರಿಗೆ ಸುಂಕವಿಲ್ಲದೆ ಮರಳಬೇಕಾಗುತ್ತದೆ.

ಹೊರಡುವ ಮುಂಚೆ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಹತ್ತಿರದ ನಿಲ್ದಾಣ ಮತ್ತು ಅದರ ಬದಿ, ನಾಕಾದ (ಕೂಡುರಸ್ತೆಯ) ಹೆಸರು, ಚಾಳಿನ ಅಥವಾ ಬಿಲ್ಡಿಂಗಿನ ಹಳೆಯ ಹೆಸರು, ಮಾಲೀಕರ ಹೆಸರು, ಪಕ್ಕದ ಎರಡು ಅಂಗಡಿ. ಮನೆಯ ಹಿರಿಯರನ್ನು ಕೇಳಿ ತುಂಬಿಸಿ. ಹಳೆಯ ರೇಷನ್ ಕಾರ್ಡ್, ಶಾಲೆಯ ಸರ್ಟಿಫಿಕೇಟ್, ಇನ್‌ಲ್ಯಾಂಡ್ ಲೆಟರ್‌ಗಳಲ್ಲಿ ವಿಳಾಸ ಸರಿಯಾಗಿ ಸಿಗುತ್ತದೆ. ಆಮೇಲೆ ಫೋನಿನ ನಕ್ಷೆಯಲ್ಲಿ ಸ್ಟ್ರೀಟ್ ವ್ಯೂ ತೆರೆಯಿರಿ. 2022ರಿಂದ ಮುಂಬೈಯ ಬೀದಿಗಳೂ ಅದರಲ್ಲಿವೆ. ಕಟ್ಟಡ ಇದೆಯೋ ಇಲ್ಲವೋ ಎಂಬ ಆಘಾತವನ್ನು ಮನೆಯಲ್ಲೇ ಕುಳಿತು ಅರಗಿಸಿಕೊಳ್ಳುವುದು ಒಳ್ಳೆಯದು.

ಕಟ್ಟಡ ಬಿದ್ದಿದ್ದರೂ ಜನ ಎಲ್ಲಿಗೂ ಹೋಗಿರಲಿಕ್ಕಿಲ್ಲ. ಮುಂಬೈಯಲ್ಲಿ ಹಳೆಯ ಚಾಳು ಕೆಡವಿ ಕಟ್ಟುವಾಗ ಬಾಡಿಗೆದಾರರಿಗೆ ತಾತ್ಕಾಲಿಕವಾಗಿ ಬೇರೆಡೆ ಮನೆಯನ್ನೋ ಬಾಡಿಗೆ ಹಣವನ್ನೋ ಕೊಟ್ಟು, ಮುಗಿದ ಮೇಲೆ ಅದೇ ಜಾಗದಲ್ಲಿ ಫ್ಲ್ಯಾಟ್ ಕೊಡುವುದು ರೂಢಿ. 1920ರ ದಶಕದ ವರಳಿ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳ ಮೊದಲ ನಿವಾಸಿಗಳಿಗೆ ಹೊಸ ಮನೆಯ ಬೀಗದ ಕೈ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ಆದ್ದರಿಂದ ‘ಆ ಚಾಳು ಎಲ್ಲಿ?’ ಎಂದು ಕೇಳುವುದಕ್ಕಿಂತ ‘ಆ ಚಾಳಿನವರು ಈಗ ಎಲ್ಲಿದ್ದಾರೆ?’ ಎಂದು ಕೇಳಿ.

ಯಾರನ್ನು ಕೇಳುವುದು? ಮೊಬೈಲ್ ಅಂಗಡಿಯ ಹುಡುಗನಿಗೆ ಗೊತ್ತಿರುವುದಿಲ್ಲ. ಹಿಟ್ಟಿನ ಗಿರಣಿ, ಇಸ್ತ್ರಿ ಅಂಗಡಿ, ರೇಷನ್ ಅಂಗಡಿ, ಪೂಜಾ ಸಾಮಾನಿನವರು, ಗಲ್ಲಿಯ ಗಣಪತಿ ಮಂಡಳಿಯ ಹಿರಿಯರು ಇವರ ಬಳಿ ಇಡೀ ಬೀದಿಯ ಲೆಕ್ಕ ಇರುತ್ತದೆ. ಗೋಪುರವಾಗಿದ್ದರೆ ವಾಚ್‌ಮನ್ ಫ್ಲ್ಯಾಟ್ ನಂಬರ್ ಕೇಳದೆ ಬಿಡುವುದಿಲ್ಲ. ಒಳಗಿರುವ ಒಬ್ಬರ ಹೆಸರಾದರೂ ಗೊತ್ತಿರಬೇಕು. ವಾರದ ದಿನ ಬೆಳಿಗ್ಗೆ ಹೋದರೆ ಯಾರೂ ಸಿಗುವುದಿಲ್ಲ. ಭಾನುವಾರ ಹತ್ತು ಗಂಟೆಯ ಮೇಲೆ, ಊಟಕ್ಕೆ ಮುಂಚೆ ಹೋಗಿ. ಹಳೆಯ ಫೋಟೋ ಒಂದನ್ನು ಕೈಯಲ್ಲಿ ಹಿಡಿದಿರಿ. ವಿಳಾಸಕ್ಕೆ ಬಾಯಿ ಬಿಡದವರೂ ಫೋಟೋಕ್ಕೆ ಕನ್ನಡಕ ಹುಡುಕುತ್ತಾರೆ.

ಮಾಟುಂಗಕ್ಕೆ ಒಂದು ಬೆಳಗು

ಮಾಟುಂಗ ಎಂಬ ಹೆಸರಿನ ಸುತ್ತ ಮೂರು ನಿಲ್ದಾಣಗಳಿವೆ: ಸೆಂಟ್ರಲ್‌ನ ಮಾಟುಂಗ, ವೆಸ್ಟರ್ನ್‌ನ ಮಾಟುಂಗ ರೋಡ್, ಹಾರ್ಬರ್‌ನ ಕಿಂಗ್ಸ್ ಸರ್ಕಲ್. ನಮ್ಮವರ ಹೋಟೆಲುಗಳಿರುವುದು ಮೊದಲನೆಯ ಮತ್ತು ಮೂರನೆಯದರ ನಡುವೆ. ಮಾಟುಂಗ ರೋಡ್‌ನಲ್ಲಿ ಇಳಿದರೆ ಹಳಿಗಳ ಮೇಲಿನ ಕಾಲುಸೇತುವೆ ದಾಟಿ ನಡೆಯಬೇಕು. ಸೆಂಟ್ರಲ್ ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಿರಿ.

ತಿಂಡಿಗೆ ಕೆಫೆ ಮೈಸೂರು (1936), ರಾಮಾಶ್ರಯ (1939), ಕೆಫೆ ಮದ್ರಾಸ್ (1940). ಏಳೂವರೆಯೊಳಗೆ ಹೋದರೆ ಕೂರಲು ಜಾಗ. ಭಾನುವಾರ ಒಂಬತ್ತಕ್ಕೆ ಹೋದರೆ ಹೆಸರು ಬರೆಸಿ ಬೀದಿಯಲ್ಲಿ ಕಾಯಬೇಕು. ಮಧ್ಯಾಹ್ನದ ಎಲೆ ಊಟಕ್ಕೆ ನಿಲ್ದಾಣದ ಪಕ್ಕದ ಮಾರ್ಕೆಟ್ ಕಟ್ಟಡದ ಮೊದಲ ಮಹಡಿ, 1942ರ ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಒಂದು ತಲೆಮಾರಿನ ಕನ್ನಡಿಗರು ಈ ಊರಿನಲ್ಲಿ ಬದುಕು ಕಟ್ಟಿಕೊಂಡದ್ದು ಇಂಥ ಅಡುಗೆಮನೆಗಳ ಆಸರೆಯಲ್ಲಿ. ಭಾವುದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇದೆ. ನೀವಿರುವ ದಿನಗಳಲ್ಲಿ ನಾಟಕ, ಉಪನ್ಯಾಸ ಏನಾದರೂ ಇದೆಯೇ ಎಂದು ಕೇಳಿ. ಹತ್ತು ವರ್ಷ ಕಾಣದ ಮುಖಗಳು ಒಂದೇ ಸಂಜೆ ಸಿಗುವ ಜಾಗ ಅದು.

ಅಲ್ಲೇ ಇದ್ದೂ ನೋಡದೆ ಬಿಟ್ಟದ್ದು

ಒಂದು ದಿನವನ್ನು ಇದಕ್ಕೆ ಮೀಸಲಿಡಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ನಡುವೆ ನಿಲ್ಲಿ. ಪಶ್ಚಿಮಕ್ಕೆ ದುಂಡು ಮೂಲೆಯ ಬಾಲ್ಕನಿಗಳ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು, ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರ ಗೋಪುರ. ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ವಾರದ ದಿನ ಆಫೀಸಿಗೆ ಓಡುವಾಗ ಯಾರೂ ಕತ್ತೆತ್ತಿ ನೋಡಿರುವುದಿಲ್ಲ.

ಎಲಿಫೆಂಟಾ ಗುಹೆಗಳಿಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಬೆಳಗಿನ ದೋಣಿಯೇ ಹಿಡಿಯಿರಿ, ಮೊಣಕಾಲು ನೋವಿನವರು ಬಿಸಿಲೇರುವ ಮುಂಚೆ ಹತ್ತಿ ಮುಗಿಸಲಿ. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳು ನೂರಕ್ಕೂ ಹೆಚ್ಚು. ಎರಡಕ್ಕೂ ಸೋಮವಾರ ರಜೆ. ಭಾಯಖಳಾದ (ಬೈಕುಲಾ) ರಾಣಿಬಾಗ್ ಮೃಗಾಲಯದ ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂಗೆ ಬುಧವಾರ ರಜೆ.

ಮರಳುವ ದಿನ

ಸಂಜೆಯ ರೈಲಾದರೆ ಸಾಮಾನು ಹೊತ್ತು ಲೋಕಲ್ ಹತ್ತುವ ಹುಮ್ಮಸ್ಸು ಬೇಡ. ಟ್ಯಾಕ್ಸಿಗೆ ಮಾಮೂಲಿಗಿಂತ ಒಂದು ಗಂಟೆ ಹೆಚ್ಚು ಹಿಡಿಯಿರಿ. ಪ್ರಭಾದೇವಿ ಮತ್ತು ಸಯನ್‌ನ ಹಳೆಯ ಮೇಲ್ಸೇತುವೆಗಳನ್ನು ಹೊಸದಾಗಿ ಕಟ್ಟಲೆಂದು ಮುಚ್ಚಿದ್ದರಿಂದ ಪೂರ್ವ–ಪಶ್ಚಿಮ ದಾಟುವ ದಾರಿಗಳು ಮತ್ತಷ್ಟು ಗಿಜಿಗುಡುತ್ತಿವೆ. ನಂಟರ ಮನೆ ಹಳಿಯ ಯಾವ ಬದಿಗಿದೆಯೋ ಅದೇ ಬದಿಯ ದಾರಿಯಲ್ಲಿ ದಕ್ಷಿಣಕ್ಕೆ ಹೋಗಲು ಹೇಳಿ.

ಸಿಎಸ್‌ಎಂಟಿಯಲ್ಲಿ 1ರಿಂದ 7 ಲೋಕಲ್‌ಗೆ, ದೂರದ ಗಾಡಿಗಳು 8ರಿಂದ 18. ಟ್ಯಾಕ್ಸಿಯವರಿಗೆ ಬರೀ ‘ವಿ.ಟಿ.’ ಎಂದರೆ ಗಡಿಯಾರದ ಮುಂಭಾಗಕ್ಕೆ ಒಯ್ಯುತ್ತಾರೆ, ಅಲ್ಲಿಂದ ಲೋಕಲ್ ಜನಸಾಗರವನ್ನು ಸೀಳಿಕೊಂಡು ನಡೆಯಬೇಕು. ‘ಪಿ. ಡಿಮೆಲೊ ರೋಡ್, ಅಠ್ರಾ ನಂಬರ್’ ಎನ್ನಿ. ಹದಿನೆಂಟನೇ ಪ್ಲ್ಯಾಟ್‌ಫಾರ್ಮಿನ ಪಕ್ಕದಲ್ಲೇ ಇಳಿಸುತ್ತಾರೆ.